ಹಂಪ್ ಬಂದಾಗ ಸೈಕಲ್ ಎಲ್ಲಿರುತ್ತದೆ?

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ದಾಟಿ ಗಂಗಾವತಿ ಕಡೆ ಹೋಗುವವರಿಗೆ ರೋಡ್ ಹಂಪ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಊರು ಬಂತೆಂದರೆ ಹಂಪ್, ಶಾಲೆ ಬಂತೆಂದರೆ ಹಂಪ್. ಇದೇ ದಾರಿಯಲ್ಲಿ ಒಂದು ಮೋಟಾರ್‌ಹೋಮ್ ಬರುತ್ತಿದೆ ಅಂದುಕೊಳ್ಳಿ. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿದ ದೊಡ್ಡ ವ್ಯಾನ್. ಹಿಂದಿನ ಮಂಚದ ಕೆಳಗೆ ಉದ್ದನೆಯ ಡಿಕ್ಕಿ, ಅದರಲ್ಲಿ ಎರಡು ಸೈಕಲ್. ಆನೆಗೊಂದಿಯಲ್ಲಿ ಗಾಡಿ ನಿಲ್ಲಿಸಿ, ಭತ್ತದ ಗದ್ದೆ ಮತ್ತು ಬಂಡೆಗಳ ನಡುವೆ ಸಾಣಾಪುರ ಕೆರೆವರೆಗೆ ತುಳಿದುಕೊಂಡು ಹೋಗುವ ಆಸೆ. ಅಲ್ಲಿಗೆ ತಲುಪುವ ಹೊತ್ತಿಗೆ ಆ ಸೈಕಲ್ ಇಟ್ಟ ಜಾಗದಲ್ಲೇ ಇರುತ್ತವಾ?

ಸುಮ್ನೆ ಗಟ್ಟಿಯಾಗಿ ಹಗ್ಗ ಬಿಗಿದರೆ ಆಯ್ತು ಎನ್ನುವವರೇ ಜಾಸ್ತಿ. ಆದರೆ ಬಿಗಿಯುವುದು ಬೇರೆ, ತಡೆಯುವುದು ಬೇರೆ.

ಇಂಥ ಡಿಕ್ಕಿಯಲ್ಲಿ ಸೈಕಲ್ ಸಾಮಾನ್ಯವಾಗಿ ಗಾಡಿಗೆ ಅಡ್ಡಲಾಗಿ ನಿಲ್ಲುತ್ತದೆ. ಹಾಗಾಗಿ ಬ್ರೇಕ್ ಹಾಕಿದಾಗ ಅದು ಉರುಳುವುದಿಲ್ಲ, ಮಗ್ಗುಲಾಗಿ ಬೀಳುತ್ತದೆ. ಅದರ ಭಾರವೆಲ್ಲ ನೆಲದಿಂದ ಎರಡು ಅಡಿ ಮೇಲಿದೆ, ಕೆಳಗೆ ಆಧಾರ ಎಂದರೆ ಎರಡು ಇಂಚಿನ ಟಯರ್ ಅಷ್ಟೇ. ಗಾಡಿ ತಿರುವಿನಲ್ಲಿ ಹೋದರೆ ಮಾತ್ರ ಸೈಕಲ್ ತನ್ನ ಗಾಲಿಯ ಮೇಲೆ ಉರುಳಿ ಡಿಕ್ಕಿಯ ಬಾಗಿಲಿಗೆ ಗುದ್ದುತ್ತದೆ. ಯುರೋಪಿನಲ್ಲಿ ಲಾರಿ ಮೇಲೆ ಸಾಮಾನು ಕಟ್ಟುವುದಕ್ಕೆ ಇಎನ್ 12195-1 ಎಂಬ ಮಾನದಂಡ ಇದೆ. ಅದರ ಲೆಕ್ಕದಲ್ಲಿ ಸಾಮಾನಿನ ತೂಕದ 0.8 ಪಾಲು ಮುಂದಕ್ಕೆ, 0.5 ಪಾಲು ಪಕ್ಕಕ್ಕೆ ಮತ್ತು ಹಿಂದಕ್ಕೆ ತಳ್ಳುತ್ತದೆ ಎಂದುಕೊಂಡೇ ಕಟ್ಟಬೇಕು. 15 ಕೆ.ಜಿ. ಸೈಕಲ್ ಆದರೆ ಮುಂದಕ್ಕೆ 12 ಕೆ.ಜಿ. ತಳ್ಳು.

ಹನ್ನೆರಡು ಕೆ.ಜಿ. ಏನು ಮಹಾ, ಅಲ್ವಾ? ಅದು ಬೆಲ್ಟ್ ಯಾವ ಕೋನದಲ್ಲಿ ಇದೆ ಎನ್ನುವುದರ ಮೇಲೆ ನಿಂತಿದೆ. ಬೆಲ್ಟ್ ನೆಲಕ್ಕೆ 45 ಡಿಗ್ರಿ ಓರೆಯಾಗಿದ್ದರೆ ಈ ತಳ್ಳು ತಡೆಯಲು ಅದರಲ್ಲಿ ಸುಮಾರು 17 ಕೆ.ಜಿ. ಎಳೆತ ಸಾಕು. ಅದೇ ಬೆಲ್ಟ್ 80 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಇಳಿದಿದ್ದರೆ 69 ಕೆ.ಜಿ. ಬೇಕು. ನೆಟ್ಟಗೆ ಇಳಿದ ಬೆಲ್ಟ್ ಸೈಕಲ್ಲನ್ನು ನೆಲಕ್ಕೆ ಒತ್ತುತ್ತದೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಹಿಡಿಯುವ ಕೆಲಸವನ್ನು ಘರ್ಷಣೆಗೆ ಬಿಡುತ್ತದೆ.

ಘರ್ಷಣೆ ಕೈಕೊಡುವುದು ಹಂಪ್ ಮೇಲೆ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 4 ಮೀಟರ್, ಡಿಕ್ಕಿಯ ನಡು ಹಿಂದಿನ ಆಕ್ಸಲ್‌ನಿಂದ ಇನ್ನೂ 1.5 ಮೀಟರ್ ಹಿಂದೆ ಇದೆ ಅನ್ನಿ. ಹಿಂದಿನ ಆಕ್ಸಲ್ ಮೇಲೆ ಗಾಡಿ 10 ಸೆಂ.ಮೀ. ಎದ್ದರೆ ಡಿಕ್ಕಿ ಸುಮಾರು 14 ಸೆಂ.ಮೀ. ಏಳುತ್ತದೆ. ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಈ ಲೆಕ್ಕ ಸೊಂಟಕ್ಕೇ ಗೊತ್ತು. ಮೇಲೆದ್ದ ಡಿಕ್ಕಿ ವಾಪಸ್ ಇಳಿಯುವ ರಭಸ ಗುರುತ್ವದ ವೇಗೋತ್ಕರ್ಷಕ್ಕಿಂತ, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್‌ಗಿಂತ, ಜಾಸ್ತಿಯಾದರೆ ನೆಲ ಕೆಳಗೆ ಹೋಗುತ್ತದೆ, ಕಟ್ಟದ ಸೈಕಲ್ ಗಾಳಿಯಲ್ಲಿ ಉಳಿಯುತ್ತದೆ. ಆ ಕ್ಷಣಕ್ಕೆ ಘರ್ಷಣೆ ಸೊನ್ನೆ. ಹಂಪ್ ಮೇಲೆಯೇ ಬ್ರೇಕ್ ಹಾಕುವುದು ನಮ್ಮ ಚಾಲಕರ ಅಭ್ಯಾಸ ಬೇರೆ.

ಹುಕ್ ಇರುವ ರಬ್ಬರ್ ಹಗ್ಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಸ್ಪ್ರಿಂಗ್. ಸೈಕಲ್ಲಿನ ಭಾರಕ್ಕೆ 6 ಸೆಂ.ಮೀ. ಹಿಗ್ಗುವ ರಬ್ಬರ್ ಆದರೆ, ಅದಕ್ಕೆ ಕಟ್ಟಿದ ಸೈಕಲ್ ಸೆಕೆಂಡಿಗೆ ಸುಮಾರು ಎರಡು ಸಲ ಓಲಾಡುತ್ತದೆ. ಗಾಡಿಯ ಬಾಡಿ ತನ್ನ ಸಸ್ಪೆನ್ಷನ್ ಮೇಲೆ ಕುಣಿಯುವುದೂ ಸೆಕೆಂಡಿಗೆ ಒಂದೆರಡು ಸಲವೇ. ಎರಡರ ತಾಳ ಕೂಡಿದರೆ ಓಲಾಟ ಏರುತ್ತಲೇ ಹೋಗುತ್ತದೆ. ಪಾಲಿಯೆಸ್ಟರ್ ಪಟ್ಟಿಯ ರ್ಯಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿ ಬಿಗಿಯುವ ಬೆಲ್ಟ್, ಹಿಗ್ಗುವುದು ಕಡಿಮೆ. ಆದರೆ ಹ್ಯಾಂಡಲ್ ಮೇಲಿಂದ ಬೆಲ್ಟ್ ಹಾಕಿ ಶಾಕ್ ಇರುವ ಫೋರ್ಕನ್ನು ಕೆಳಕ್ಕೆ ಒತ್ತಿ ಬಿಗಿದರೆ ಅದೂ ದಂಡ. ಹಂಪ್ ಮೇಲೆ ಫೋರ್ಕ್ ಇನ್ನಷ್ಟು ಕುಸಿಯುತ್ತದೆ, ಬೆಲ್ಟ್ ಸಡಿಲಾಗುತ್ತದೆ, ಹುಕ್ ಕಳಚಿ ಬೀಳುತ್ತದೆ.

ಗಂಗಾವತಿಯ ಅಕ್ಕಿ ಗಿರಣಿಗಳ ಮುಂದೆ ಹಮಾಲರು ಲಾರಿ ತುಂಬುವುದನ್ನು ನೋಡಿ. ಹಗ್ಗ ಬರುವುದು ಕೊನೆಗೆ. ಮೊದಲು ಚೀಲಗಳನ್ನು ಕ್ಯಾಬಿನ್ ಹಿಂದಿನ ಹಲಗೆಗೆ ಒತ್ತಿ, ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಹೆಣೆದು ಪೇರಿಸುತ್ತಾರೆ. ಚೀಲ ಹೋಗಲು ಜಾಗವೇ ಇಲ್ಲ, ಹಗ್ಗಕ್ಕೆ ಉಳಿಯುವ ಕೆಲಸ ಸಣ್ಣದು.

ಸೈಕಲ್ಲಿಗೂ ಇದೇ ಬೇಕು. ಟಯರ್ ಇಳಿದು ಕೂರುವಂತೆ ನೆಲಕ್ಕೆ ಕಬ್ಬಿಣದ ಚಾನೆಲ್ ಹಾಕಿಸಿ, ಎರಡೂ ಕೊನೆಗೆ ತಡೆ ಇಟ್ಟರೆ ಉರುಳುವ ದಾರಿ ಮುಚ್ಚಿತು. ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ. ಗಾಲಿಗಳನ್ನು ಚಾನೆಲ್ಲಿಗೇ ಪಟ್ಟಿಯಿಂದ ಕಟ್ಟಿದರೆ ಜಿಗಿಯುವ ದಾರಿಯೂ ಮುಚ್ಚಿತು. ಆಮೇಲೆ ಸೀಟಿನ ಕೆಳಗಿನ ಕೊಳವೆಯಿಂದ ಒಂದು ಬೆಲ್ಟ್ ಗಾಡಿಯ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ಎರಡೂ ಓರೆಯಾಗಿ. ನೆಲ ಸೇರಿ ತ್ರಿಕೋನ ಆಗುತ್ತದೆ. ಮೂರು ಬದಿಯ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು, ಹಾಗಾಗಿ ಬೀಳುವುದೂ ಇಲ್ಲ. ಕಾರ್ಬನ್ ಫ್ರೇಮ್ ಆದರೆ ಕೊಳವೆ ಹಿಂಡುವ ಕ್ಲಾಂಪ್ ಬೇಡ. ಬೆಲ್ಟ್ ತಾಗುವಲ್ಲಿ ಹಳೇ ಟ್ಯೂಬ್ ಸುತ್ತಿ, ಇಲ್ಲವೇ ಕಂಪನಕ್ಕೆ ಬಣ್ಣ ಸವೆಯುತ್ತದೆ.

ಬೆಲ್ಟ್ ಸಿಕ್ಕಿಸುವ ಕೊಂಡಿಗಳನ್ನು ಪ್ಲೈವುಡ್‌ಗೆ ಸ್ಕ್ರೂ ಹೊಡೆದು ಬಿಡಬೇಡಿ. 50 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಒಂದು ಮೀಟರ್‌ನೊಳಗೆ ನಿಂತರೆ, ಒಳಗಿರುವ ಎಲ್ಲದರ ಮೇಲೂ ಅದರ ತೂಕದ ಸುಮಾರು 10 ಪಟ್ಟು ಬಲ. 15 ಕೆ.ಜಿ. ಸೈಕಲ್ 150 ಕೆ.ಜಿ.ಯಂತೆ ಮುಂದೆ ನುಗ್ಗುತ್ತದೆ. ಅಲ್ಲಿ ಕೂತಿರುವವರು ನಾವು. ಕೊಂಡಿಯ ಬೋಲ್ಟ್ ಕಬ್ಬಿಣದ ಚೌಕಟ್ಟಿಗೇ ಹೋಗಬೇಕು.

ಸೈಕಲ್ ಕಟ್ಟಿ ಉಳಿದ ಜಾಗಕ್ಕೆಲ್ಲ ಸಾಮಾನು ತುರುಕುವ ಆಸೆ ಇರುತ್ತದಲ್ಲ, ಅದಕ್ಕೂ ಲೆಕ್ಕ ಇದೆ. ಮೇಲಿನ ಅಳತೆಯ ಗಾಡಿಯ ಡಿಕ್ಕಿಯಲ್ಲಿ ಒಟ್ಟು 80 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 110 ಕೆ.ಜಿ. ಹೆಚ್ಚಿನ 30 ಕೆ.ಜಿ. ಮುಂದಿನ ಗಾಲಿಗಳಿಂದ ಬಂದದ್ದು. ಗಾಡಿ ತಿರುಗಿಸುವುದು ಅವೇ ಗಾಲಿಗಳು.

ಬ್ಯಾಟರಿ ಸೈಕಲ್ ಇದ್ದರೆ ಬ್ಯಾಟರಿಯನ್ನು ಬಿಚ್ಚಿ ತಂಪಾದ ಕಡೆ ಇಡಿ. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಲು ಸಾಮಾನ್ಯವಾಗಿ 45 ಡಿಗ್ರಿಯೇ ಮಿತಿ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಮುಚ್ಚಿದ ಡಿಕ್ಕಿ ಅದನ್ನು ಸಲೀಸಾಗಿ ದಾಟುತ್ತದೆ. ಇಕ್ಕಟ್ಟಾದರೆ ಪೆಡಲ್ ಕಳಚಿ, ಪಕ್ಕದ ಸೈಕಲ್ಲಿನ ಕಡ್ಡಿಗಳು ಉಳಿಯುತ್ತವೆ. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು.