ಪೆಟ್ ರಿಪೋರ್ಟಲ್ಲಿ ಎಸ್‌ಯುವಿ 14 ಅಂತಿದೆ, ಅಪ್ಪ ಎಷ್ಟು ದಿನ ಇರ್ತಾರೆ?

ಈ ಪ್ರಶ್ನೆ ಬರ್ತಾನೇ ಇರತ್ತೆ, ಅಂಕಿ ಮಾತ್ರ ಬೇರೆ, ಒಬ್ರಿಗೆ 9, ಇನ್ನೊಬ್ರಿಗೆ 22. ಕೆನ್ನೆ ಒಳಗೆ ವಾಸಿಯಾಗದ ಹುಣ್ಣು, ಬಯಾಪ್ಸಿಲಿ ಕ್ಯಾನ್ಸರ್ ಅಂತ ಬಂತು, ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಅಂತ ನೋಡೋ ಪೆಟ್ ಸಿಟಿ ಸ್ಕ್ಯಾನ್ ಬರ್ಕೊಟ್ರು, ರಿಪೋರ್ಟ್ ಕೈಗೆ ಸಿಕ್ಕಿದ್ದೇ ತಡ ಡಾಕ್ಟರ್ ನೋಡೋಕ್ ಮುಂಚೆನೇ ಮನೆಯವ್ರು ಎಸ್‌ಯುವಿ ಮ್ಯಾಕ್ಸ್ ಅನ್ನೋ ನಂಬರ್ ಹಿಡ್ಕೊಂಡು ಕಂಗಾಲಾಗಿರ್ತಾರೆ. ಇನ್ನೊಂದ್ಸಲ ಹೇಳ್ತೀನಿ, ದಯವಿಟ್ಟು ಮನೇಲಿ ಎಲ್ರಿಗೂ ಓದಿ ಹೇಳಿ: ಆ ನಂಬರ್ ನೋಡಿ ಯಾರ ಆಯಸ್ಸನ್ನೂ ಲೆಕ್ಕ ಹಾಕೋಕಾಗಲ್ಲ.

ಸ್ಕ್ಯಾನಿಗೆ ಮುಂಚೆ ಕೊಡೋ ಇಂಜೆಕ್ಷನ್ ಎಫ್‌ಡಿಜಿ, ಗ್ಲೂಕೋಸ್ ಥರದ್ದೇ ವಸ್ತು, ಅದರ ಜೊತೆ ವಿಕಿರಣ ಸೂಸೋ ಫ್ಲೋರಿನ್ 18 ಇರತ್ತೆ. ಗ್ಲೂಕೋಸ್ ಜಾಸ್ತಿ ಎಳ್ಕೊಳ್ಳೋ ಜೀವಕೋಶ ಇದನ್ನೂ ಎಳ್ಕೊಳತ್ತೆ, ಪೂರ್ತಿ ಅರಗಿಸೋಕಾಗಲ್ಲ, ಹಾಗಾಗಿ ಒಳಗೇ ಉಳಿದು ಚಿತ್ರದಲ್ಲಿ ಹೊಳೆಯತ್ತೆ. ಈ ಔಷಧಿ ಯಾವ ಜಾಗದಲ್ಲಿ ಎಷ್ಟು ಸೇರಿದೆ ಅನ್ನೋ ಅಳತೆನೇ ಎಸ್‌ಯುವಿ. ಔಷಧಿ ಮೈಯೆಲ್ಲಾ ಸಮನಾಗಿ ಹರಡಿದ್ರೆ ಎಲ್ಲಾ ಕಡೆ ಎಸ್‌ಯುವಿ ಹೆಚ್ಚುಕಮ್ಮಿ 1 ಇರ್ಬೇಕು. 14 ಅಂದ್ರೆ ಗಡ್ಡೆಲಿ ಅತಿ ಹೆಚ್ಚು ಹೊಳೆದ ಒಂದೇ ಒಂದು ಚುಕ್ಕಿಲಿ ಅದರ 14 ಪಟ್ಟು ಸೇರಿದೆ ಅಂತ, ಅಷ್ಟೇ.

ಈಗ ಆ ಒಂದು ಚುಕ್ಕಿ ಎಷ್ಟು ಅಲ್ಲಾಡತ್ತೆ ನೋಡಿ. ರಕ್ತದಲ್ಲಿ ಶುಗರ್ ಜಾಸ್ತಿ ಇದ್ರೆ ನಂಬರ್ ಇಳಿಯತ್ತೆ. ಇಂಜೆಕ್ಷನ್ ಆಗಿ 60 ನಿಮಿಷಕ್ಕೆ ಸ್ಕ್ಯಾನ್ ಮಾಡೋ ಬದ್ಲು 90 ನಿಮಿಷಕ್ಕೆ ಮಾಡಿದ್ರೆ ಗಡ್ಡೆಲಿ ಸಾಮಾನ್ಯವಾಗಿ ಏರತ್ತೆ. ಮಷಿನ್ ಬದಲಾದ್ರೆ ನಂಬರೂ ಬದಲಾಗ್ಬಹುದು. ಹುಣ್ಣಿಗೆ ಸೋಂಕಾಗಿದ್ರೆ, ಪಕ್ಕದ ಹಲ್ಲಲ್ಲಿ ಕೀವಿದ್ರೆ, ಹೋದ ವಾರ ತಾನೇ ಬಯಾಪ್ಸಿ ಆಗಿದ್ರೆ ಆ ಜಾಗಾನೂ ಹೊಳೆಯತ್ತೆ. ಇಂಜೆಕ್ಷನ್ ಆದ್ಮೇಲೆ ಮಾತಾಡ್ಬೇಡಿ, ಏನೂ ಅಗಿಬೇಡಿ ಅಂತ ಟೆಕ್ನಿಷಿಯನ್ ಹೇಳೋದೂ ಇದಕ್ಕೇ, ನಾಲಿಗೆ ದವಡೆ ಸ್ನಾಯುಗಳು ಕೆಲಸ ಮಾಡಿದ್ರೆ ಅವೂ ಎಳ್ಕೊಳತ್ವೆ.

ನಂಬರ್ ಕಮ್ಮಿ ಅಂತ ಆರಾಮಾಗಿ ಕೂರೋದೂ ಅಷ್ಟೇ ತಪ್ಪು. ಗಡ್ಡೆ ಚಿಕ್ಕದಿದ್ರೆ ನಿಜವಾಗಿ ಇರೋದಕ್ಕಿಂತ ಮಂಕಾಗಿ ಕಾಣತ್ತೆ, ಕತ್ತಿನ ಗಂಟಿನೊಳಗೆ, ಅಂದ್ರೆ ಲಿಂಫ್ ನೋಡ್ ಒಳಗೆ, ಕೂತಿರೋ ಕೆಲವೇ ಕ್ಯಾನ್ಸರ್ ಕೋಶಗಳು ಪೆಟ್‌ಗೆ ಕಾಣೋದೇ ಇಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನವ್ರು 2015ರಲ್ಲಿ ಪ್ರಕಟಿಸಿದ ಟ್ರಯಲ್ ನೋಡಿ, ಶುರುವಿನ ಹಂತದ ಬಾಯಿ ಕ್ಯಾನ್ಸರಲ್ಲಿ ಕತ್ತಿನ ಗಂಟುಗಳನ್ನ ಮೊದಲ ಆಪರೇಷನ್ನಲ್ಲೇ ತೆಗೆದವರಲ್ಲಿ 3 ವರ್ಷಕ್ಕೆ 80% ಜನ ಬದುಕಿದ್ರು, ಗಂಟು ಕಾಣಿಸ್ಕೊಂಡ್ಮೇಲೆ ತೆಗೆಯೋಣ ಅಂತ ಕಾದವರಲ್ಲಿ 67.5%. ಹಾಗಾಗಿ ಪೆಟ್ ಕ್ಲೀನ್ ಇದೆ, ಕತ್ತು ಯಾಕೆ ಕೊಯ್ತೀರಾ ಅಂತ ಸರ್ಜನ್ ಹತ್ರ ವಾದ ಮಾಡ್ಬೇಡಿ.

ಸಂಶೋಧನೆಗಳಲ್ಲಿ ಸಂಬಂಧ ಇದೆ ಅಂತಾರಲ್ಲ ಅಂದ್ರೆ, ಇದೆ. ನೂರಾರು ರೋಗಿಗಳನ್ನ ಒಟ್ಟಿಗೆ ನೋಡಿದ್ರೆ ಎಸ್‌ಯುವಿ ಜಾಸ್ತಿ ಇರೋ ಗುಂಪಿಗೆ ಫಲಿತಾಂಶ ಸ್ವಲ್ಪ ಕೆಟ್ಟದಾಗಿರತ್ತೆ, ಅದಕ್ಕಿಂತ ಹೊಳೆಯೋ ಗಡ್ಡೆಯ ಒಟ್ಟು ಗಾತ್ರ, ಅಂದ್ರೆ ಎಂಟಿವಿ, ಇನ್ನೂ ಚೆನ್ನಾಗಿ ಹೇಳತ್ತೆ ಅಂತ ಸುಮಾರು ಅಧ್ಯಯನಗಳು ತೋರಿಸಿವೆ. ಆದ್ರೆ ಎಷ್ಟು ದಾಟಿದ್ರೆ ಜಾಸ್ತಿ ಅನ್ನೋ ಗಡಿ ಒಂದೊಂದು ಅಧ್ಯಯನಕ್ಕೆ ಒಂದೊಂದು, ಮತ್ತೆ ಗುಂಪಿನ ಲೆಕ್ಕ ನಿಮ್ಮಪ್ಪನ ಲೆಕ್ಕ ಅಲ್ಲ. ಅವರ ವಿಷಯಕ್ಕೆ ಆಪರೇಷನ್ ಆದ್ಮೇಲಿನ ಪೆಥಾಲಜಿ ರಿಪೋರ್ಟ್, ಅಂದ್ರೆ ತೆಗೆದ ಗಡ್ಡೆನ ಲ್ಯಾಬಲ್ಲಿ ಪರೀಕ್ಷೆ ಮಾಡಿ ಕೊಟ್ಟ ರಿಪೋರ್ಟ್ ನೋಡಿ: ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ, ಎಷ್ಟು ಗಂಟಿಗೆ ಹೋಗಿದೆ, ಗಂಟಿನ ಕವಚ ಒಡೆದು ಹೊರಗೆ ಬಂದಿದ್ಯಾ, ಕತ್ತರಿಸಿದ ಅಂಚು ಕ್ಲಿಯರ್ ಇದ್ಯಾ.

ಪೆಟ್ ದಂಡ ಅಂತ ಹೇಳ್ತಿಲ್ಲ ನಾನು. ಶ್ವಾಸಕೋಶಕ್ಕೋ ಮೂಳೆಗೋ ಹರಡಿದ್ರೆ ತೋರಿಸಿಬಿಡತ್ತೆ, ಟ್ರೀಟ್‌ಮೆಂಟೇ ಬದಲಾಗತ್ತೆ. ರೇಡಿಯೇಷನ್ ಮುಗಿದು 12 ವಾರಕ್ಕೆ ಮಾಡೋ ಪೆಟ್ ಕ್ಲೀನ್ ಬಂದ್ರೆ ಅದು ನಿಜವಾಗ್ಲೂ ಒಳ್ಳೆ ಸುದ್ದಿ. ಅವಸರಪಟ್ಟು ಬೇಗ ಮಾಡಿಸಿದ್ರೆ ರೇಡಿಯೇಷನ್ನಿನ ಉರಿಯೂತಾನೇ ಹೊಳೆದು ಸುಮ್ನೆ ಗಾಬರಿ.

ಇನ್ನೊಂದು, ಯಾರೂ ಕೇಳಲ್ಲ, ನೇರ ಮಾಡೇ ಬಿಡ್ತಾರೆ: ಕ್ಯಾನ್ಸರ್ ಸಕ್ಕರೆ ತಿನ್ನತ್ತೆ ಅಂತ ಸ್ಕ್ಯಾನಲ್ಲೇ ಕಂಡ್ತಲ್ಲ ಅಂತ ರೋಗಿಗೆ ಅನ್ನ, ಹಾಲು, ಬಾಳೆಹಣ್ಣು ಎಲ್ಲಾ ಬಂದ್. ಸಕ್ಕರೆ ಬಿಟ್ರೆ ಗಡ್ಡೆ ಉಪವಾಸ ಬೀಳಲ್ಲ, ಲಿವರ್ ತಾನೇ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡ್ತಿರತ್ತೆ. ಬಾಯಿ ತೆಗೆಯೋಕೇ ಆಗದೆ ಮೊದ್ಲೇ ತೂಕ ಇಳಿದಿರೋರು ಇನ್ನೂ ಸೊರಗ್ತಾರೆ, ರೇಡಿಯೇಷನ್ ಮಧ್ಯಕ್ಕೆ ನಿಲ್ಲೋದು ಹೀಗೇನೇ. ಖಾಲಿ ಹೊಟ್ಟೆ ಬೇಕಾಗಿರೋದು ಸ್ಕ್ಯಾನಿಗೆ ಮುಂಚಿನ 4ರಿಂದ 6 ಗಂಟೆ ಮಾತ್ರ. ಅದು ಮುಗಿದ್ಮೇಲೆ ತುಪ್ಪ ಹಾಕಿದ ಗಂಜಿನೋ, ಮೊಟ್ಟೆನೋ, ರಾಗಿ ಅಂಬಲಿನೋ, ಗಂಟಲಲ್ಲಿ ಇಳಿಯೋದನ್ನ ಕೊಡಿ, ಶುಗರ್ ಇರೋರು ಮಾತ್ರ ಡಾಕ್ಟರ್ ಹೇಳಿದ ಹಾಗೆ. ಇಳೀತಾನೇ ಇಲ್ಲ ಅಂದ್ರೆ ಮೂಗಿನ ಟ್ಯೂಬ್ ಹಾಕೋಕೆ ತಕ್ಷಣ ಒಪ್ಕೊಳ್ಳಿ.