ಗ್ಲೈಡಿಂಗ್ ಕ್ಲಬ್‌ಗೆ ಮೊದಲು ಏನು ಕಟ್ಟಬೇಕು?

ಪ್ರಶ್ನೆ: ಗ್ಲೈಡರ್ (ಎಂಜಿನ್ ಇಲ್ಲದೆ ಹಾರುವ ವಿಮಾನ), ಅದನ್ನು ಕೇಬಲ್‌ನಿಂದ ಎಳೆದು ಮೇಲೇರಿಸುವ ವಿಂಚ್ ಎರಡೂ ಬಂದಾಯ್ತು. ಇನ್ನು ಯಾವ ಸೌಕರ್ಯಕ್ಕೆ ಮೊದಲು ದುಡ್ಡು ಹಾಕಬೇಕು?

ಮೊದಲು ಹ್ಯಾಂಗರ್, ಅಂದರೆ ಗ್ಲೈಡರ್ ನಿಲ್ಲಿಸುವ ಕಟ್ಟಡ. ಅದರ ಬೆನ್ನಿಗೇ ಕಾಯುವವರಿಗೆ ನೆರಳು, ನೀರು, ಶೌಚಾಲಯ. ಇವನ್ನು ‘ಆಮೇಲೆ ನೋಡೋಣ’ ಅಂತ ಬಿಡಬೇಡಿ.

ಯಾಕೆ ಅಂದರೆ, ಗ್ಲೈಡಿಂಗ್‌ನಲ್ಲಿ ಹಾರುವುದಕ್ಕಿಂತ ನೆಲದ ಮೇಲೆ ಕಳೆಯುವ ಹೊತ್ತೇ ಜಾಸ್ತಿ. ವಿಂಚ್ ಎಳೆದರೆ ಗ್ಲೈಡರ್ ಸುಮಾರು 300–400 ಮೀಟರ್ ಏರುತ್ತದೆ. ಮೇಲೇಳುವ ಬಿಸಿಗಾಳಿ ಸಿಗದಿದ್ದರೆ ಐದಾರು ನಿಮಿಷಕ್ಕೆ ಮತ್ತೆ ನೆಲಕ್ಕೆ. ಅಷ್ಟಕ್ಕೇ ರೆಕ್ಕೆ ಹಿಡಿದು ಓಡಲು ಒಬ್ಬರು, ಕೇಬಲ್ ಸಿಕ್ಕಿಸಲು ಒಬ್ಬರು, ಸಿಗ್ನಲ್ ಕೊಡಲು ಇನ್ನೊಬ್ಬರು, ಹೊತ್ತು ಬರೆದಿಡಲು ಮತ್ತೊಬ್ಬರು ಬೇಕು. ಕಲಿಯಲು ಬಂದವರೇ ಇದನ್ನೆಲ್ಲ ಮಾಡುವುದು. ದಿನವಿಡೀ ಬಿಸಿಲಲ್ಲಿ ನಿಂತು ಎರಡು ಮೂರು ಸಲ ಹಾರಿದವರಿಗೆ ಕುಡಿಯಲು ನೀರೂ ಇಲ್ಲದಿದ್ದರೆ ಮುಂದಿನ ವಾರ ಯಾಕೆ ಬರುತ್ತಾರೆ? ಹೆಣ್ಣುಮಕ್ಕಳಿಗಂತೂ ಶೌಚಾಲಯ ಇಲ್ಲದಿದ್ದರೆ ಬಾಗಿಲು ಮುಚ್ಚಿದ ಹಾಗೇ.

ಇನ್ನೊಂದು ವಿಷಯ. ಗಾಳಿ ದಿಕ್ಕು ಬದಲಾಯಿಸಿದರೆ ಹಾರಿಸುವ ಜಾಗ ಮೈದಾನದ ಇನ್ನೊಂದು ತುದಿಗೆ ಹೋಗುತ್ತದೆ. ಹಾಗಾಗಿ ಅಲ್ಲಿನ ನೆರಳಿಗೆ ಚಕ್ರ ಇರಬೇಕು. ಬ್ರಿಟನ್ನಿನ ಹಲವು ಕ್ಲಬ್‌ಗಳು ಹಳೇ ಬಸ್ಸನ್ನೋ ವ್ಯಾನನ್ನೋ ಇದಕ್ಕೆ ಇಟ್ಟುಕೊಂಡಿವೆ. ರೇಡಿಯೋ, ಲಾಗ್ ಪುಸ್ತಕ, ಬೆಂಚು ಎಲ್ಲ ಅದರೊಳಗೇ. ವಿಂಚ್ ನಡೆಸುವವರನ್ನೂ ಮರೆಯಬೇಡಿ. ಅವರು ಸುಮಾರು ಒಂದು ಕಿಲೋಮೀಟರ್ ಆಚೆ ಒಬ್ಬರೇ ಕೂತಿರುತ್ತಾರೆ. ಅವರಿಗೆ ಟೀ ತಲುಪಿಸುವ ದಾರಿ ಮೈದಾನದ ಅಂಚಿನಲ್ಲಿರಲಿ. ಕೇಬಲ್ ದಾಟಿಕೊಂಡು ಯಾರೂ ಓಡಾಡುವಂತಾಗಬಾರದು.

ಹ್ಯಾಂಗರ್ ಅಳತೆಯಲ್ಲಿ ಜಿಪುಣತನ ಬೇಡ. ತರಬೇತಿಗೆ ಬಳಸುವ ಎಎಸ್‌ಕೆ 21 ಗ್ಲೈಡರ್‌ನ ರೆಕ್ಕೆ ತುದಿಯಿಂದ ತುದಿಗೆ 17 ಮೀಟರ್. ಜಾಗ ಉಳಿಸಲು ಒಂದರ ರೆಕ್ಕೆ ಕೆಳಗೆ ಇನ್ನೊಂದರ ರೆಕ್ಕೆ ತೂರಿಸಿ ನಿಲ್ಲಿಸುತ್ತಾರೆ. ಹೊರಗೆ ತಳ್ಳುವಾಗ ಒಂದಕ್ಕೊಂದು ತಾಗಿ ಪೆಟ್ಟು ಬೀಳುವುದು ಇಲ್ಲೇ. ದಿನಾ ಹಾರುವ ಗ್ಲೈಡರ್ ಬಾಗಿಲ ಹತ್ತಿರ ಇರಲಿ. ಪ್ಯಾರಾಶೂಟ್‌ಗಳಿಗೆ ತೇವ ತಾಗದ ಕಪಾಟು, ಬ್ಯಾಟರಿ ಚಾರ್ಜ್ ಮಾಡಲು ಒಂದು ಮೂಲೆ, ರೆಕ್ಕೆ ಬಿಚ್ಚಿ ಸಾಗಿಸುವ ಟ್ರೇಲರ್‌ಗಳಿಗೆ ಹೊರಗೆ ಜಾಗ, ಇಷ್ಟು ಸಾಕು.

ಕ್ಲಬ್‌ಹೌಸ್ ಬಗ್ಗೆ ಯೋಚಿಸುವಾಗ ನನಗೆ ಇಂಗ್ಲೆಂಡಿನ ಡನ್‌ಸ್ಟೇಬಲ್ ನೆನಪಾಗುತ್ತದೆ. 1930ರಲ್ಲಿ ಶುರುವಾದ ಲಂಡನ್ ಗ್ಲೈಡಿಂಗ್ ಕ್ಲಬ್ ಅಲ್ಲಿ, ಗುಡ್ಡದ ಬುಡದಲ್ಲಿದೆ. ಅದರ ಕಟ್ಟಡಕ್ಕೆ 1930ರ ದಶಕದಲ್ಲಿ ನಕ್ಷೆ ಬರೆದ ಕ್ರಿಸ್ಟೋಫರ್ ನಿಕೋಲ್ಸನ್ ಸ್ವತಃ ಗ್ಲೈಡರ್ ಹಾರಿಸುತ್ತಿದ್ದವರು. ಹ್ಯಾಂಗರ್ ಮತ್ತು ಕ್ಲಬ್‌ಹೌಸನ್ನು ಅವರು ಒಟ್ಟಿಗೇ ಸೇರಿಸಿದರು. ಈಗ ಅದು ಸಂರಕ್ಷಿತ ಕಟ್ಟಡ. ನೀವೂ ಹಾರುವವರನ್ನು ಕೇಳಿಯೇ ನಕ್ಷೆ ಬರೆಸಿ. ದುಡ್ಡು ಸಾಲದಿದ್ದರೆ ಕ್ಲಬ್‌ಹೌಸ್ ಬದಲಿಗೆ ಸದ್ಯಕ್ಕೆ ತಗಡಿನ ಶೆಡ್ ಸಾಕು. ಹ್ಯಾಂಗರ್ ಪಕ್ಕದ ಜಾಗವನ್ನು ಮಾತ್ರ ಕ್ಲಬ್‌ಹೌಸ್‌ಗೆ ಈಗಲೇ ಬಿಟ್ಟಿಡಿ.