ಬಾಯ್ಲರ್ ತಣ್ಣಗಿದ್ದ ಬೇಸಿಗೆ: ಬ್ರಿಟನ್ನಿನ ಸ್ವಯಂಸೇವಕ ರೈಲುಗಳು ಮತ್ತು ಲಾಕ್‌ಡೌನ್

ಬ್ರಿಟನ್ನಿನ ಪಾರಂಪರಿಕ ಉಗಿ ರೈಲುಗಳ ಪಾಲಿಗೆ ಹೊಸ ವರ್ಷ ಬರುವುದು ಜನವರಿಯಲ್ಲಲ್ಲ, ಈಸ್ಟರ್ ಹಬ್ಬದ ಹೊತ್ತಿಗೆ. ಚಳಿಗಾಲದ ತಿಂಗಳುಗಳಲ್ಲಿ ಎಂಜಿನ್‌ಗಳನ್ನು ಬಿಚ್ಚಿ ದುರಸ್ತಿ ಮಾಡುವುದು, ಬಾಯ್ಲರ್ ತೊಳೆಯುವುದು, ಹಳಿಯಡಿಯ ಕೊಳೆತ ಸ್ಲೀಪರ್ ದಿಮ್ಮಿಗಳನ್ನು ಬದಲಿಸುವುದು, ಬೋಗಿಗಳಿಗೆ ಬಣ್ಣ ಬಳಿಯುವುದು ನಡೆಯುತ್ತದೆ. ಹಿಂದಿನ ಬೇಸಿಗೆಯಲ್ಲಿ ಮತ್ತು ಡಿಸೆಂಬರಿನಲ್ಲಿ ಗಳಿಸಿದ್ದೆಲ್ಲ ಈ ಕೆಲಸಗಳಿಗೆ ಕರಗಿ, ಮಾರ್ಚ್ ಮುಗಿಯುವ ಹೊತ್ತಿಗೆ ಬೊಕ್ಕಸ ಬಹುತೇಕ ಬರಿದಾಗಿರುತ್ತದೆ. 2020ರಲ್ಲಿ ಈಸ್ಟರ್ ಭಾನುವಾರ ಏಪ್ರಿಲ್ 12ಕ್ಕೆ ಬಿದ್ದಿತ್ತು. ಅದಕ್ಕೆ ಇಪ್ಪತ್ತು ದಿನ ಮೊದಲು, ಮಾರ್ಚ್ 23ರ ಸಂಜೆ, ಪ್ರಧಾನಿ ಬೋರಿಸ್ ಜಾನ್ಸನ್ ದೂರದರ್ಶನದಲ್ಲಿ ಕಾಣಿಸಿಕೊಂಡು, ಕೊರೊನಾ ಸೋಂಕಿನ ಕಾರಣ ಜನರು ಮನೆಯಲ್ಲೇ ಇರಬೇಕೆಂದು ಘೋಷಿಸಿದರು. ಖರ್ಚು ಪೂರ್ತಿ ಮುಗಿದು ಆದಾಯ ಇನ್ನೂ ಶುರುವಾಗದ ಆ ವಾರಕ್ಕಿಂತ ಕೆಟ್ಟ ಗಳಿಗೆಯಲ್ಲಿ ಈ ರೈಲುಗಳು ನಿಲ್ಲುವುದು ಸಾಧ್ಯವಿರಲಿಲ್ಲ.

ಮುಚ್ಚುಗಡೆ ಎಂಬುದು ಇವುಗಳಿಗೆ ಹೊಸದಲ್ಲ, ಇವು ಹುಟ್ಟಿದ್ದೇ ಮುಚ್ಚುಗಡೆಯಿಂದ. ಆದರೆ ಹಿಂದಿನ ಪ್ರತಿಯೊಂದು ಮುಚ್ಚುಗಡೆಗೂ ಒಂದೇ ಮದ್ದು ಒದಗಿಬಂದಿತ್ತು: ಒಂದಷ್ಟು ಜನ ಒಟ್ಟುಗೂಡಿ ಗುದ್ದಲಿ, ಸ್ಪ್ಯಾನರ್ ಹಿಡಿಯುವುದು. 2020ರಲ್ಲಿ ತಡೆಬಿದ್ದದ್ದು ಆ ಒಟ್ಟುಗೂಡುವಿಕೆಗೇ. ಆ ವರ್ಷದ ಪೆಟ್ಟು ಎಷ್ಟು ಆಳವಾದದ್ದೆಂದು ತಿಳಿಯಬೇಕಾದರೆ, ಈ ರೈಲುಗಳು ಯಾರ ಕೈಯಿಂದ, ಹೇಗೆ ಉಳಿದುಬಂದವು ಎಂಬುದನ್ನು ಮೊದಲು ನೋಡಬೇಕು.

ಕಥೆ ಆರಂಭವಾಗುವುದು ವೇಲ್ಸ್‌ನ ಪಶ್ಚಿಮ ಕರಾವಳಿಯ ಟವಿನ್ ಎಂಬ ಪುಟ್ಟ ಊರಿನಲ್ಲಿ. ಬೆಟ್ಟದ ಗಣಿಯಿಂದ ಸ್ಲೇಟ್ ಕಲ್ಲನ್ನು ಇಳಿಸಲು 1860ರ ದಶಕದಲ್ಲಿ ಹಾಸಿದ ಟಾಲಿಲಿನ್ ರೈಲುಮಾರ್ಗದ ಹಳಿಗಳ ನಡುವಿನ ಅಂತರ ಕೇವಲ 2 ಅಡಿ 3 ಅಂಗುಲ. ಗಣಿ 1946ರ ಕೊನೆಯಲ್ಲಿ ಕುಸಿದು ನಿಂತುಹೋಯಿತು. 1948ರಲ್ಲಿ ದೇಶದ ರೈಲುಗಳೆಲ್ಲ ರಾಷ್ಟ್ರೀಕರಣಗೊಂಡಾಗ ಈ ಸಣ್ಣ ಮಾರ್ಗ ಆ ಪಟ್ಟಿಯಲ್ಲಿ ಸೇರಲೇ ಇಲ್ಲ. ಅದರ ಮಾಲೀಕರಾಗಿದ್ದ, ಹಿಂದೆ ಸಂಸದರೂ ಆಗಿದ್ದ ಸರ್ ಹೆನ್ರಿ ಹೇಡನ್ ಜೋನ್ಸ್, ತಾವು ಬದುಕಿರುವವರೆಗೆ ರೈಲು ಓಡಿಸುವುದಾಗಿ ಮಾತು ಕೊಟ್ಟಿದ್ದರು, ಮತ್ತು ಕೊಟ್ಟ ಮಾತಿನಂತೆಯೇ ನಡೆದರು. ಅವರು 1950ರ ಜುಲೈನಲ್ಲಿ ತೀರಿಕೊಂಡಾಗ, ಮಾರ್ಗವೂ ಅವರೊಂದಿಗೆ ಮುಗಿಯಿತೆಂದೇ ಹೆಚ್ಚಿನವರು ಭಾವಿಸಿದ್ದರು.

ಆ ವರ್ಷದ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್ ನಗರದ ಹೋಟೆಲೊಂದರಲ್ಲಿ, ಲೇಖಕ ಟಾಮ್ ರೋಲ್ಟ್ ಮತ್ತು ಅವರ ಗೆಳೆಯರ ಕರೆಗೆ ಓಗೊಟ್ಟು ಒಂದು ಸಾರ್ವಜನಿಕ ಸಭೆ ಸೇರಿತು. ಸಂಬಳವಿಲ್ಲದೆ ರೈಲು ಓಡಿಸುವ ಸಂಘವೊಂದು ರೂಪುಗೊಂಡಿತು. 1951ರ ಮೇ 14ರಂದು ಆ ಸಂಘದ ಮೊದಲ ರೈಲು ಟವಿನ್‌ನಿಂದ ಹೊರಟಿತು. ಆಗ ಓಡುವ ಸ್ಥಿತಿಯಲ್ಲಿ ಉಳಿದಿದ್ದದ್ದು 1866ರ ಡೊಲ್ಗೋಖ್ ಎಂಬ ಒಂದೇ ಎಂಜಿನ್. ಹಳಿಯನ್ನು ಬಹುಪಾಲು ಹುಲ್ಲು ಮುಚ್ಚಿತ್ತು. ಸ್ವಯಂಸೇವಕರೇ ನಡೆಸುವ ಪಾರಂಪರಿಕ ರೈಲು ಜಗತ್ತಿನಲ್ಲಿ ಮೊದಲು ಸಾಧ್ಯವಾದದ್ದು ಹೀಗೆ. ಸಭೆ ಸೇರಿದ್ದು ಇಂಗ್ಲೆಂಡಿನ ಕೈಗಾರಿಕಾ ನಗರದಲ್ಲಿ, ರೈಲು ಓಡಿದ್ದು ವೇಲ್ಸ್‌ನ ಕಣಿವೆಯಲ್ಲಿ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಎಪ್ಪತ್ತು ವರ್ಷಗಳ ನಂತರ ಆ ದೂರವೇ ಒಂದು ಸಮಸ್ಯೆಯಾಯಿತು.

ಸಸೆಕ್ಸ್ ಪ್ರಾಂತ್ಯದ ಬ್ಲೂಬೆಲ್ ಮಾರ್ಗದ ಕಥೆಯಲ್ಲಿ ಹಟದ ಪಾಲು ಇನ್ನೂ ಹೆಚ್ಚು. 1955ರಲ್ಲಿ ಅದನ್ನು ಮುಚ್ಚಿದಾಗ, ಸ್ಥಳೀಯ ನಿವಾಸಿಯೊಬ್ಬರು 1878ರ ಹಳೆಯ ಕಾಯಿದೆಯನ್ನು ಹುಡುಕಿ ತೆಗೆದು, ದಿನಕ್ಕೆ ನಾಲ್ಕು ರೈಲುಗಳನ್ನು ಓಡಿಸಲೇಬೇಕೆಂಬ ಅದರ ಷರತ್ತನ್ನು ತೋರಿಸಿಕೊಟ್ಟರು. ಬ್ರಿಟಿಷ್ ರೈಲ್ವೆ 1956ರಲ್ಲಿ ಒಲ್ಲದ ಮನಸ್ಸಿನಿಂದ ಮಾರ್ಗವನ್ನು ಮತ್ತೆ ತೆರೆಯಬೇಕಾಯಿತು. ಆ ಷರತ್ತನ್ನು ಸಂಸತ್ತಿನಿಂದ ರದ್ದುಪಡಿಸಿಕೊಂಡ ಮೇಲೆ 1958ರಲ್ಲಿ ಎರಡನೆಯ ಸಲ ಮುಚ್ಚಿತು. ಆದರೂ ಜನ ಬಿಡಲಿಲ್ಲ. ಸಂಘ ಕಟ್ಟಿಕೊಂಡು, 1960ರ ಆಗಸ್ಟ್ 7ರಂದು ಅದರ ಒಂದು ತುಣುಕಿನಲ್ಲಿ ತಾವೇ ರೈಲು ಓಡಿಸಿದರು.

1963ರಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಸುಮಾರು 5,000 ಮೈಲಿಗಳಷ್ಟು ಮಾರ್ಗವನ್ನೂ ಮುಚ್ಚುವಂತೆ ಶಿಫಾರಸು ಮಾಡಿತು. ಆ ದಶಕದುದ್ದಕ್ಕೂ ಊರೂರುಗಳ ರೈಲು ನಿಂತಿತು, ಉಗಿ ಎಂಜಿನ್‌ಗಳು ಗುಜರಿಗೆ ಹೋದವು. ಮುಖ್ಯ ಮಾರ್ಗಗಳಲ್ಲಿ ಉಗಿಯ ಯುಗ 1968ರ ಆಗಸ್ಟ್ 11ಕ್ಕೆ ಮುಗಿಯಿತು. ಅದಕ್ಕೆ ಆರು ವಾರ ಮೊದಲು, ಜೂನ್ 29ರಂದು, ಯಾರ್ಕ್‌ಷೈರಿನ ಕೀಲಿ ಮತ್ತು ವರ್ತ್ ಕಣಿವೆಯ ಐದು ಮೈಲಿ ಮಾರ್ಗವನ್ನು ಸ್ವಯಂಸೇವಕರು ಮರಳಿ ತೆರೆದಿದ್ದರು. ಸೆವರ್ನ್ ವ್ಯಾಲಿ, ನಾರ್ತ್ ಯಾರ್ಕ್‌ಷೈರ್ ಮೂರ್ಸ್, ವೆಸ್ಟ್ ಸಾಮರ್‌ಸೆಟ್ ಮಾರ್ಗಗಳು 1970ರ ದಶಕದಲ್ಲಿ ಅದೇ ದಾರಿ ಹಿಡಿದವು.

ಸಾಂಕ್ರಾಮಿಕಕ್ಕೆ ಮುಂಚಿನ ವರ್ಷಗಳಲ್ಲಿ ಪಾರಂಪರಿಕ ರೈಲುಗಳ ಒಕ್ಕೂಟ ಮಂಡಿಸುತ್ತಿದ್ದ ಅಂದಾಜಿನಂತೆ, ಈ ರೈಲುಗಳಿಗೆ ವರ್ಷಕ್ಕೆ ಸುಮಾರು 1.3 ಕೋಟಿ ಸಂದರ್ಶಕರು ಬರುತ್ತಿದ್ದರು. ಸಂಬಳ ಪಡೆಯುವವರು ಸುಮಾರು 4,000 ಮಂದಿ, ಸಂಬಳವಿಲ್ಲದೆ ದುಡಿಯುವವರು ಸುಮಾರು 22,000 ಮಂದಿ. ದುಡಿಮೆ ಉಚಿತವಾದ್ದರಿಂದ ರೈಲೂ ಅಗ್ಗವೆಂದು ಹೊರಗಿನವರಿಗೆ ತೋರುವುದು ಸಹಜ. ಆದರೆ ವಿಮೆ, ಸೇತುವೆಗಳ ತಪಾಸಣೆ, ಉಕ್ಕು, ಕಲ್ಲಿದ್ದಲು, ಬಾಯ್ಲರ್ ದುರಸ್ತಿ ಯಾವುದೂ ಉಚಿತವಲ್ಲ, ಮತ್ತು ಅವುಗಳಲ್ಲಿ ಹೆಚ್ಚಿನವು ರೈಲು ಓಡದಿದ್ದರೂ ತಪ್ಪುವುದಿಲ್ಲ. ಸಾಮಾನ್ಯ ಉದ್ಯಮವೊಂದು ಕಷ್ಟಕಾಲದಲ್ಲಿ ಮೊದಲು ಕಡಿತಗೊಳಿಸುವುದು ಸಂಬಳದ ಖರ್ಚನ್ನು. ಬಹುಪಾಲು ಕೆಲಸವನ್ನು ಸಂಬಳವಿಲ್ಲದವರೇ ಮಾಡುವ ಸಂಸ್ಥೆಗೆ ಕಡಿತಗೊಳಿಸಲು ಉಳಿದಿರುವುದೇನು?

ಲಾಕ್‌ಡೌನಿಗೆ ಮುಂಚೆಯೂ ದೊಡ್ಡ ಆಘಾತಗಳು ಬಂದಿದ್ದವು. 2001ರಲ್ಲಿ ಜಾನುವಾರುಗಳಿಗೆ ಕಾಲುಬಾಯಿ ರೋಗ ಹರಡಿ, ಪ್ರವಾಸಿಗರು ಹಳ್ಳಿಗಾಡಿನತ್ತ ಸುಳಿಯದಂತಾಗಿತ್ತು. 2007ರ ಬೇಸಿಗೆಯ ಭಾರಿ ಮಳೆ ಸೆವರ್ನ್ ವ್ಯಾಲಿ ಮಾರ್ಗದ ಏರಿಗಳನ್ನು ಹಲವೆಡೆ ಕೊಚ್ಚಿಹಾಕಿ, ಹಳಿಗಳನ್ನು ಗಾಳಿಯಲ್ಲಿ ತೂಗಾಡುವಂತೆ ಮಾಡಿತ್ತು. ಇಡೀ ಮಾರ್ಗ ಮತ್ತೆ ತೆರೆದದ್ದು 2008ರ ಮಾರ್ಚ್‌ನಲ್ಲಿ. ಆ ದುರಂತ ಕಣ್ಣಿಗೆ ಕಾಣುವಂಥದ್ದು. ಎಲ್ಲಿ ಮಣ್ಣು ಸುರಿಯಬೇಕೆಂದು ಎಲ್ಲರಿಗೂ ಗೊತ್ತಿತ್ತು, ದುಡ್ಡು ಕೊಡುವವರೂ ದುಡಿಯುವವರೂ ಸ್ಥಳಕ್ಕೆ ಬರಬಹುದಿತ್ತು.

2020ರ ವಸಂತದಲ್ಲಿ ಹಳಿ, ಎಂಜಿನ್, ನಿಲ್ದಾಣ ಎಲ್ಲವೂ ಸುಸ್ಥಿತಿಯಲ್ಲಿದ್ದವು; ಬರಬಾರದಾಗಿದ್ದವರು ಮನುಷ್ಯರು. ಎಪ್ಪತ್ತು ದಾಟಿದವರು ವಿಶೇಷ ಎಚ್ಚರ ವಹಿಸಬೇಕೆಂದು ಸರ್ಕಾರ ಮಾರ್ಚ್ 16ರಂದೇ ಸೂಚಿಸಿತ್ತು. ಸ್ವಯಂಸೇವಕರಲ್ಲಿ ದೊಡ್ಡ ಪಾಲು ನಿವೃತ್ತರಾದ್ದರಿಂದ, ಯಾವ ಎಂಜಿನ್ ಯಾವ ಏರಿನಲ್ಲಿ ಏದುಸಿರು ಬಿಡುತ್ತದೆಂದು ಬಲ್ಲವರೇ ಮೊದಲು ಮನೆ ಸೇರಬೇಕಾಯಿತು. ಹೆಚ್ಚಿನ ಕಡೆ ಉಳಿದದ್ದು ಬೆರಳೆಣಿಕೆಯ ಜನರ ಕಾವಲು ಮತ್ತು ತೀರಾ ಅಗತ್ಯದ ತಪಾಸಣೆ.

ನಿಂತ ಉಗಿ ಎಂಜಿನ್ ಸುಮ್ಮನೆ ನಿಂತಿರುವುದಿಲ್ಲ ಎಂಬುದನ್ನು ಇಲ್ಲಿ ತುಸು ವಿವರಿಸಬೇಕು. ಬಾಯ್ಲರಿನಲ್ಲಿ ಅರ್ಧ ನೀರು ಬಿಟ್ಟರೆ, ನೀರೂ ಗಾಳಿಯೂ ಕೂಡುವ ರೇಖೆಯುದ್ದಕ್ಕೂ ಉಕ್ಕಿನಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದು ಲೋಹ ಸವೆದುಹೋಗುತ್ತದೆ. ಆದ್ದರಿಂದ ದೀರ್ಘಕಾಲ ನಿಲ್ಲಿಸುವಾಗ ಒಂದೋ ನೀರನ್ನು ಪೂರ್ತಿ ಬಸಿದು ಒಳಗನ್ನು ಒಣಗಿಸಿಡಬೇಕು, ಇಲ್ಲವೇ ಕರಗಿದ ಆಮ್ಲಜನಕವನ್ನು ಹೀರುವ ರಾಸಾಯನಿಕ ಬೆರೆಸಿ ಕಂಠಮಟ್ಟ ತುಂಬಿಡಬೇಕು. ಮುಂದಿನ ವಾರಾಂತ್ಯಕ್ಕೆಂದು ಸಿದ್ಧಗೊಳಿಸಿದ ಎಂಜಿನ್‌ಗಳನ್ನು ತಿಂಗಳುಗಟ್ಟಲೆಯ ನಿದ್ರೆಗೆ ಅಣಿಗೊಳಿಸುವ ಈ ಕೆಲಸಕ್ಕೂ ನುರಿತ ಕೈಗಳೇ ಬೇಕು. ಹಳಿಯ ಕಥೆಯೂ ಭಿನ್ನವಲ್ಲ. ಗಾಲಿ ಉರುಳದ ಹಳಿಯ ಮೇಲೆ ಕೆಲವೇ ದಿನಗಳಲ್ಲಿ ತುಕ್ಕಿನ ಪದರ ಕೂರುತ್ತದೆ. ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತಿನಿಂದ ರೈಲಿನ ಇರವನ್ನು ಗುರುತಿಸುವ ಸಿಗ್ನಲ್ ವ್ಯವಸ್ಥೆಯಿರುವಲ್ಲಿ, ಆ ತುಕ್ಕು ಗಾಲಿಯ ಸ್ಪರ್ಶವನ್ನೇ ಮರೆಮಾಚಬಲ್ಲದು. ಹಳಿಯ ಬದಿಯ ಗಿಡಗಂಟಿಗಳಂತೂ ಆ ವಸಂತದಲ್ಲಿ ಅಡ್ಡಿಯಿಲ್ಲದೆ ಬೆಳೆದವು.

ಸರ್ಕಾರದ ನೆರವು ಬಂದದ್ದು ನಿಜ, ಮತ್ತು ಅದಿಲ್ಲದಿದ್ದರೆ ಹಲವು ಮಾರ್ಗಗಳು ಉಳಿಯುತ್ತಿರಲಿಲ್ಲ. ಮಾರ್ಚ್ 20ರಂದು ಪ್ರಕಟವಾದ ಉದ್ಯೋಗ ರಕ್ಷಣಾ ಯೋಜನೆಯಡಿ, ಕೆಲಸವಿಲ್ಲದೆ ಮನೆಯಲ್ಲಿರುವ ನೌಕರರ ಸಂಬಳದ ಶೇ. 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರ ಭರಿಸಿತು. ಆದರೆ ಯೋಜನೆಯ ನಿಯಮದಂತೆ ಹಾಗೆ ಮನೆಯಲ್ಲಿರುವ ನೌಕರರು ತಮ್ಮ ಸಂಸ್ಥೆಗೆ ದುಡಿಯುವಂತಿರಲಿಲ್ಲ. ಸಂಬಳದ ಎಂಜಿನಿಯರ್ ಸ್ಪ್ಯಾನರ್ ಮುಟ್ಟಬಾರದು, ಹಿರಿಯ ಸ್ವಯಂಸೇವಕ ಮನೆಯಿಂದ ಹೊರಬರಬಾರದು; ಇವರಿಬ್ಬರ ನಡುವೆ ಎಂಜಿನ್ ಶೆಡ್ಡಿನ ಬಾಗಿಲು ಮುಚ್ಚಿಯೇ ಉಳಿಯಿತು. ಸಂಬಳವನ್ನು ಅಳೆಯುವ ಯೋಜನೆಗೆ ಸಂಬಳವಿಲ್ಲದ ದುಡಿಮೆಯನ್ನು ಕಾಣುವ ಕಣ್ಣಿರಲಿಲ್ಲ. ಇದು ಯಾರದೋ ದುರುದ್ದೇಶದಿಂದ ಆದದ್ದಲ್ಲ, ಆದರೂ ಗಂಭೀರವಾದ ಕೊರತೆಯೆಂದೇ ನಾನು ಭಾವಿಸುತ್ತೇನೆ.

ರಾಷ್ಟ್ರೀಯ ಲಾಟರಿಯ ಪರಂಪರೆ ನಿಧಿ 5 ಕೋಟಿ ಪೌಂಡ್‌ಗಳ ತುರ್ತು ನೆರವನ್ನು ತೆರೆಯಿತು. ಜುಲೈನಲ್ಲಿ ಸರ್ಕಾರ 157 ಕೋಟಿ ಪೌಂಡ್‌ಗಳ ಸಾಂಸ್ಕೃತಿಕ ಪುನಶ್ಚೇತನ ನಿಧಿಯನ್ನು ಘೋಷಿಸಿತು. ಸೆವರ್ನ್ ವ್ಯಾಲಿ, ನಾರ್ತ್ ಯಾರ್ಕ್‌ಷೈರ್ ಮೂರ್ಸ್ ಮುಂತಾದ ಮಾರ್ಗಗಳಿಗೆ ಅದರಿಂದ ಅನುದಾನ ದೊರೆಯಿತು. ಇವೆರಡೂ ಕೈಗೆ ಬರುವ ಮುಂಚಿನ ವಾರಗಳಲ್ಲಿ ಮಾರ್ಗಗಳ ಜೀವ ಹಿಡಿದಿಟ್ಟದ್ದು ಮಾತ್ರ ಸದಸ್ಯರ ಮತ್ತು ಅಭಿಮಾನಿಗಳ ದೇಣಿಗೆ. ರೈಲಿಗಾಗಿ ದುಡಿಯಲು ಹೋಗಲಾಗದವರು ಹಣ ಕಳಿಸಿದರು. ಕಾಯ್ದಿರಿಸಿದ ಟಿಕೆಟಿನ ಹಣ ಹಿಂದಕ್ಕೆ ಬೇಡವೆಂದು ಬರೆದವರೂ ಇದ್ದರು.

ಇಂಗ್ಲೆಂಡಿನಲ್ಲಿ 2020ರ ಜುಲೈ 4ರಿಂದ ನಿರ್ಬಂಧ ಸಡಿಲವಾಯಿತು. ರೈಲು ಮರಳಿ ಓಡಿಸುವಾಗ ಎದುರಾದ ಮೊದಲ ಕಷ್ಟ ಎಂಜಿನ್ನಿನ ಮೇಲಿನದು. ಚಾಲಕ ಮತ್ತು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ನಿಲ್ಲುವ ಜಾಗದಲ್ಲಿ, ಒಬ್ಬ ಸಲಿಕೆ ಬೀಸಿದರೆ ಇನ್ನೊಬ್ಬ ಪಕ್ಕಕ್ಕೆ ಸರಿಯಬೇಕು. ಅಲ್ಲಿ ಎರಡು ಮೀಟರ್ ಅಂತರದ ಮಾತೇ ಇಲ್ಲ. ಬದಲಾಗದ ಜೋಡಿಗಳನ್ನು ರಚಿಸುವುದು, ಒಂದೇ ಮನೆಯವರು ಒಂದೇ ಎಂಜಿನ್ನಿನಲ್ಲಿ ದುಡಿಯುವುದು, ಮುಖಕ್ಕೆ ಮರೆ ಕಟ್ಟಿಕೊಳ್ಳುವುದು ಇಂಥ ಉಪಾಯಗಳು ಬೇಕಾದವು. ತಿಂಗಳುಗಟ್ಟಲೆ ಬೆಂಕಿ ಹಾಕದ ಫೈರ್‌ಮನ್‌ಗಳ, ಸಿಗ್ನಲ್ ಎಳೆಯದ ಸಿಬ್ಬಂದಿಯ ಕೌಶಲವನ್ನು ಮತ್ತೆ ಪರೀಕ್ಷಿಸಿಯೇ ಕರ್ತವ್ಯಕ್ಕೆ ಬಿಡಬೇಕಿತ್ತು. ಸಂಬಳವಿಲ್ಲದ ಫೈರ್‌ಮನ್ ಎಂಬ ಕಾರಣಕ್ಕೆ ಸುರಕ್ಷತಾ ನಿಯಮದಲ್ಲಿ ರಿಯಾಯಿತಿ ಇಲ್ಲ, ಇರಲೂಬಾರದು.

ಪ್ರಯಾಣಿಕರ ಕಡೆಯಲ್ಲಿ ಹಳೆಯತನವೇ ನೆರವಿಗೆ ಬಂತು. ಪಕ್ಕದ ಓಣಿಯಿಂದ ಬಾಗಿಲು ತೆರೆದು ಒಳಹೋಗುವ ಪುಟ್ಟ ಕೋಣೆಗಳ ಹಳೆಯ ಬೋಗಿಗಳನ್ನು ಮುಖ್ಯ ರೈಲುಮಾರ್ಗಗಳು ಎಂದೋ ಕೈಬಿಟ್ಟಿದ್ದವು. ಒಂದು ಕೋಣೆಗೆ ಒಂದು ಕುಟುಂಬ, ಬಾಗಿಲು ಮುಚ್ಚಿದರೆ ಹೊರಗಿನವರ ಸಂಪರ್ಕವಿಲ್ಲ. ಸೋಂಕಿನ ಕಾಲಕ್ಕೆ ಇದಕ್ಕಿಂತ ಸೂಕ್ತವಾದ ಬೋಗಿ ಬೇರೆ ಇರಲಿಲ್ಲ. ಇಡೀ ಕೋಣೆಯನ್ನೇ ಮುಂಗಡ ಕಾಯ್ದಿರಿಸುವ ಪದ್ಧತಿ ಹಲವು ಮಾರ್ಗಗಳಲ್ಲಿ ಜಾರಿಗೆ ಬಂತು. ಬ್ಲೂಬೆಲ್ ತನ್ನ ಅರುವತ್ತನೆಯ ಹುಟ್ಟುಹಬ್ಬವಾದ ಆಗಸ್ಟ್ 7ರಂದೇ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಆದರೂ ನಾಲ್ಕು ಜನ ಕೂರುವ ಕಡೆ ಇಬ್ಬರು ಕುಳಿತ ರೈಲಿಗೂ ಅಷ್ಟೇ ಕಲ್ಲಿದ್ದಲು ಬೇಕು.

ವೇಲ್ಸ್‌ನಲ್ಲಿ ಬಿಗಿ ಇನ್ನೂ ಹೆಚ್ಚಾಗಿತ್ತು. ಅಲ್ಲಿಯ ಸರ್ಕಾರ ತನ್ನದೇ ನಿಯಮಗಳನ್ನು ರೂಪಿಸಿ, ಜನರು ತಮ್ಮ ಪರಿಸರದಲ್ಲೇ ಇರಬೇಕೆಂಬ ಕಟ್ಟಳೆಯನ್ನು ಜುಲೈ 6ರವರೆಗೆ ಉಳಿಸಿಕೊಂಡಿತು. ಸ್ವಯಂಸೇವಕರಲ್ಲಿ ಹಲವರು ವಾರಾಂತ್ಯಕ್ಕೆ ಇಂಗ್ಲೆಂಡಿನ ನಗರಗಳಿಂದ ಬರುವವರಾದ್ದರಿಂದ, ಎಪ್ಪತ್ತು ವರ್ಷ ಯಾರ ಗಮನಕ್ಕೂ ಬಾರದಿದ್ದ ಗಡಿ ಆ ಬೇಸಿಗೆಯಲ್ಲಿ ಅವರಿಗೂ ಅವರ ಎಂಜಿನ್‌ಗಳಿಗೂ ನಡುವೆ ಎದ್ದು ನಿಂತಿತು.

ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಎರಡನೆಯ ಲಾಕ್‌ಡೌನ್, ಜನವರಿಯಲ್ಲಿ ಮೂರನೆಯದು. ಇವೆರಡರ ನಡುವೆ ಸಿಲುಕಿದ್ದು ಮಕ್ಕಳಿಗಾಗಿ ಓಡಿಸುವ ಕ್ರಿಸ್‌ಮಸ್ ತಾತನ ರೈಲುಗಳು. ಡಿಸೆಂಬರಿನ ಈ ಕೆಲವೇ ವಾರಾಂತ್ಯಗಳ ಗಳಿಕೆಯೇ ಅನೇಕ ಮಾರ್ಗಗಳ ಚಳಿಗಾಲದ ದುರಸ್ತಿಗೆ ಆಧಾರ. ಹಬ್ಬಕ್ಕೆ ಐದು ದಿನ ಮೊದಲು, ಡಿಸೆಂಬರ್ 20ರಂದು, ವೇಲ್ಸ್‌ನಲ್ಲೂ ಆಗ್ನೇಯ ಇಂಗ್ಲೆಂಡಿನಲ್ಲೂ ನಿರ್ಬಂಧಗಳು ಹಠಾತ್ತನೆ ಬಿಗಿಯಾದವು.

ವೇಲ್ಸ್‌ನ ಲಾಂಗೊಲೆನ್ ರೈಲುಮಾರ್ಗವನ್ನು ನಡೆಸುತ್ತಿದ್ದ ಕಂಪನಿ 2021ರ ಮಾರ್ಚ್‌ನಲ್ಲಿ ಕುಸಿದು, ಬ್ಯಾಂಕ್ ನೇಮಿಸಿದ ಅಧಿಕಾರಿಗಳ ಕೈ ಸೇರಿತು. ಅದರ ಕಷ್ಟಗಳೆಲ್ಲ ಸೋಂಕಿನಿಂದ ಬಂದವಲ್ಲ. ಎಂಜಿನ್ ದುರಸ್ತಿಯ ವ್ಯವಹಾರದಲ್ಲಿ ಮೊದಲೇ ತೊಡಕುಗಳಿದ್ದವು, ಆದಾಯ ನಿಂತಾಗ ಅವನ್ನು ತಾಳುವ ಶಕ್ತಿ ಉಳಿಯಲಿಲ್ಲ. ಆಮೇಲೆ ನಡೆದದ್ದು 1950ರ ಕಥೆಯ ಮರುಕಳಿಕೆ. ಆ ಮಾರ್ಗದ ದತ್ತಿ ಸಂಸ್ಥೆ ಹೊಣೆ ಹೊತ್ತಿತು, ಸ್ವಯಂಸೇವಕರು ಸೇರಿದರು, ಅದೇ ಜುಲೈನಲ್ಲಿ ರೈಲು ಮತ್ತೆ ಹೊರಟಿತು.

ಬಾಗಿಲುಗಳು ತೆರೆದ ಮೇಲೂ ಎರಡು ಲೆಕ್ಕಗಳು ಸರಿಹೋಗಲಿಲ್ಲ. ಮೊದಲನೆಯದು ಬಾಯ್ಲರಿನದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಎಂಜಿನ್ ಪೂರ್ತಿ ಬಿಚ್ಚಿ ಬಾಯ್ಲರನ್ನು ಆಮೂಲಾಗ್ರ ಪರಿಶೀಲಿಸಬೇಕು; ಈ ಅವಧಿ ಓಡಿದ ಮೈಲಿಗಳನ್ನಲ್ಲ, ಕ್ಯಾಲೆಂಡರನ್ನು ನೋಡುತ್ತದೆ. ಲಕ್ಷಗಟ್ಟಲೆ ಪೌಂಡ್ ಸುರಿದು ಸಜ್ಜುಗೊಳಿಸಿದ ಎಂಜಿನ್, ದುಡಿದು ಆ ಹಣ ತೀರಿಸಬೇಕಾದ ತಿಂಗಳುಗಳನ್ನು ಶೆಡ್ಡಿನಲ್ಲಿ ಕಳೆಯಿತು. ಎರಡನೆಯದು ಮನುಷ್ಯರದು. ಒಂದೂವರೆ ವರ್ಷ ಮನೆಯಲ್ಲಿದ್ದ ಹಿರಿಯರಲ್ಲಿ ಎಲ್ಲರೂ ಮರಳಲಿಲ್ಲ. ಕೆಲವರ ದೇಹ ಸಹಕರಿಸಲಿಲ್ಲ, ಕೆಲವರು ಆ ಅವಧಿಯಲ್ಲೇ ತೀರಿಹೋದರು. ಹೊಸಬರಿಗೆ ಕಲಿಸುವ ಕೆಲಸವೂ ಅಷ್ಟು ಕಾಲ ನಿಂತಿತ್ತು. ಚಿಕ್ಕವರನ್ನು ಸೇರಿಸಿಕೊಳ್ಳಲು ಮಕ್ಕಳನ್ನು ಕೈಗಾರಿಕಾ ಕೆಲಸಗಳಿಂದ ದೂರವಿಡುವ 1920ರ ಕಾನೂನು ಅಡ್ಡಿಯೆಂದು ಈ ಮಾರ್ಗಗಳು ಮೊದಲಿನಿಂದಲೇ ಹೇಳುತ್ತ ಬಂದಿದ್ದವು. ಎಂಜಿನ್ ಸ್ವಚ್ಛಗೊಳಿಸುವುದರಿಂದ ಆರಂಭಿಸಿ ಫೈರ್‌ಮನ್ ಆಗಿ, ಆಮೇಲೆ ಚಾಲಕನಾಗಲು ವಾರಾಂತ್ಯಗಳಲ್ಲಿ ಮಾತ್ರ ಬರುವವರಿಗೆ ಎಷ್ಟೋ ವರ್ಷಗಳು ಹಿಡಿಯುತ್ತವೆ. 2021ರ ಬೇಸಿಗೆಯಲ್ಲಿ ಶೆಡ್ಡುಗಳು ತೆರೆದಾಗ, ಎಣ್ಣೆ ಬಟ್ಟೆ ಹಿಡಿದು ಎಂಜಿನ್ ಒರೆಸಲು ನಿಂತ ಹುಡುಗ ಹುಡುಗಿಯರಿಗೆ ಕಲಿಸಬೇಕಾದ ಕೆಲವರು ಅಲ್ಲಿರಲಿಲ್ಲ; ಉಳಿದವರು ಅವರ ಸರದಿಯನ್ನೂ ತಮ್ಮ ಹೆಸರಿಗೆ ಬರೆದುಕೊಂಡು, ಬೆಳಗಿನ ಜಾವಕ್ಕೇ ಬಂದು ಬೆಂಕಿ ಹೊತ್ತಿಸಿದರು.